162 ಸೆಂಟಿಮೀಟರ್ ಗೋಡೆ, ಎರಡು ಪಾಯಿಂಟ್, ಒಂದು ಸಿಕ್ ಲೈನ್

ನಿನ್ನೆ ರಾತ್ರಿ ನನ್ನ ಮಾಡೆಲ್ ರೈಲಿನ ಎಂಟು ವ್ಯಾಗನ್‌ಗಳ ನಂಬರ್ ಚೀಟಿ ಬರೆದು ಸ್ಟೀಲ್ ಲೋಟಕ್ಕೆ ಹಾಕಿ, ಐದು ಚೀಟಿ ಎತ್ತಿದೆ. ಎತ್ತಿದ ಕ್ರಮದಲ್ಲೇ ಐದೂ ವ್ಯಾಗನ್ ಜೋಡಿಸಿ ನಿಲ್ಲಿಸೋಕೆ 26 ನಿಮಿಷ ಹಿಡಿಯಿತು. ಒಂದೂ ಹಳಿ ತಪ್ಪಲಿಲ್ಲ. ಮೇ ತಿಂಗಳಲ್ಲಿ ಶುರು ಮಾಡಿದ ಕೆಲಸ ಇದು. ಹಳಿ ಹಾಸೋಕೆ ಹಿಡಿದದ್ದು ಎರಡು ಭಾನುವಾರ ಅಷ್ಟೆ, ಉಳಿದ ದಿನವೆಲ್ಲ ಹೋದದ್ದು ಯಾವ ನಕ್ಷೆ ಅಂತ ಆರಿಸೋಕೆ. ತಪ್ಪು ಆದದ್ದೂ ಅಲ್ಲೇ, ದುಡ್ಡು ಹೋದದ್ದೂ ಅಲ್ಲೇ. ಚಿಕ್ಕ ರೂಮಿನಲ್ಲಿ ಮಾಡೆಲ್ ರೈಲು ಹಾಕಬೇಕು ಅನ್ನೋರಿಗೆ ಉಪಯೋಗ ಆಗಬಹುದು ಅಂತ ಎಲ್ಲ ಬರೆದಿಡುತ್ತಿದ್ದೇನೆ.

ಮೊದಲು ಏನಿತ್ತು ಅಂತ ಹೇಳಿಬಿಡುತ್ತೇನೆ. ಮನೆ ಹುಬ್ಬಳ್ಳಿ ಕೇಶ್ವಾಪುರದಲ್ಲಿ. ರೂಮು 10 ಅಡಿಗೆ 9 ಅಡಿ, ಅದರಲ್ಲೇ ಮಂಚ, ಟೇಬಲ್, ಕಬ್ಬಿಣದ ಕಪಾಟು. ಕೈಯಲ್ಲಿದ್ದದ್ದು ಒಂದು ಡಬ್ಲ್ಯೂಡಿಎಂ-2 ಡೀಸೆಲ್ ಎಂಜಿನ್, ನಾಲ್ಕು ಬಾಕ್ಸ್‌ಎನ್ ವ್ಯಾಗನ್ (ಮೇಲೆ ತೆರೆದಿರೋ ಗೂಡ್ಸ್ ಡಬ್ಬಿ), ಒಂದು ನೀಲಿ ಐಸಿಎಫ್ ಪ್ರಯಾಣಿಕರ ಡಬ್ಬಿ, ಒಂದು ಕಂಟ್ರೋಲರ್. ಎಲ್ಲ ಎಚ್‌ಒ ಸ್ಕೇಲ್, ಅಂದರೆ 1:87. ಹಳಿ ಅಗಲ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ ಆದ್ದರಿಂದ ಲೆಕ್ಕದ ಪ್ರಕಾರ 19.3 ಮಿ.ಮೀ ಬೇಕಿತ್ತು. ಅಂಗಡಿಯಲ್ಲಿ ಸಿಗೋ ಹಳಿ 16.5, ಹಾಗಾಗಿ ಅದನ್ನೇ ಒಪ್ಪಿಕೊಂಡೆ. ಇದಕ್ಕಿಂತ ಚಿಕ್ಕದಾದ ಎನ್ ಸ್ಕೇಲ್‌ಗೆ ಹೋಗಿದ್ದರೆ ಜಾಗ ಹತ್ತಿರ ಹತ್ತಿರ ಅರ್ಧ ಸಾಕಿತ್ತು, ನಿಜ. ಆದರೆ ಇದ್ದ ಎಂಜಿನ್ ಬಿಟ್ಟು ಹೊಸದಾಗಿ ಶುರು ಮಾಡೋ ಮನಸ್ಸು ಬರಲಿಲ್ಲ.

ಮೇ 4, ಭಾನುವಾರ. ಪ್ಲೈವುಡ್ ತಂದದ್ದು.

ಇದು ಮೊದಲ ತಪ್ಪು, ದೊಡ್ಡದೂ ಇದೇ. ನಕ್ಷೆ ಕೈಯಲ್ಲಿಲ್ಲದೆ 12 ಮಿ.ಮೀ ಪ್ಲೈ, 8 ಅಡಿಗೆ 4 ಅಡಿ ಪೂರ್ತಿ ಹಾಳೆ ತಂದೆ. ₹1,950. ಎಲ್ಲ ಕಡೆ 8 ಬೈ 4 ಅಂತಲೇ ನೋಡಿದ್ದೆ, ಅದೇ ಅಳತೆ ಅಂತ ನಂಬಿದ್ದೆ. ಮನೆಗೆ ತಂದು ಮೂಲೆಯಲ್ಲಿ ಎರಡು ಸ್ಟೂಲ್ ಮೇಲೆ ಇಟ್ಟಾಗ ಗೊತ್ತಾಯಿತು, ಬಾಗಿಲು ಅರ್ಧ ಮಾತ್ರ ತೆಗೆಯುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಗೋಡೆ ಕಡೆ ಅಂಚು ನನ್ನಿಂದ 122 ಸೆಂ.ಮೀ ದೂರ, ನನ್ನ ಕೈ ಆರಾಮಾಗಿ ಮುಟ್ಟೋದು 70 ಸೆಂ.ಮೀ. ಅಲ್ಲಿ ವ್ಯಾಗನ್ ಬಿದ್ದರೆ ಎತ್ತೋಕೆ ಹಲಗೆ ಮೇಲೆ ಹತ್ತಬೇಕು. ಹಳೇ ಪೇಪರ್ ಹಾಳೆಗಳನ್ನು ಅಂಟಿಸಿ 8 ಬೈ 4 ಮಾಡಿ ಒಮ್ಮೆ ಮಂಚದ ಪಕ್ಕ ಹಾಸಿ ನೋಡಿದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು.

ಮೇ 11. ಸುತ್ತು ಹಳಿ.

ಧಾರವಾಡದ ಗೆಳೆಯನ ಹತ್ತಿರ ಸೆಟ್ ಜೊತೆ ಬಂದ ಹಳಿ ಇತ್ತು, 438 ಮಿ.ಮೀ ತ್ರಿಜ್ಯದ ತಿರುವು. ಅದನ್ನು ತಂದು ಪ್ಲೈ ಮೇಲೆ ಹಾಸಿದೆ. ಹಳಿಯಿಂದ ಹಳಿಗೆ 88 ಸೆಂ.ಮೀ, ಅಂಚು ಬಿಟ್ಟರೆ ಒಂದು ಮೀಟರ್ ಅಗಲ ಬೇಕೇ ಬೇಕು. ಓಡಿತು, ಚೆನ್ನಾಗೇ ಓಡಿತು. ಆದರೆ ಆರನೇ ಸುತ್ತಿಗೆ ನನಗೆ ನೋಡೋಕೆ ಏನೂ ಉಳಿದಿರಲಿಲ್ಲ. ನಾನು ಚಿಕ್ಕವನಿದ್ದಾಗಿನಿಂದ ರೈಲು ನೋಡ್ತಾ ನಿಂತದ್ದು ಓಡೋ ಗಾಡಿಗಲ್ಲ. ಸ್ಟೇಷನ್‌ನಲ್ಲಿ ಎಂಜಿನ್ ಹಿಂದೆ ಬರೋದು, ಒಬ್ಬರು ಕೆಳಗಿಳಿದು ಕಪ್ಲಿಂಗ್ ಹಾಕೋದು, ಹಸಿರು ಬಾವುಟ ತೋರಿಸೋದು, ಆಮೇಲೆ ಆ 'ಧಡ್' ಅನ್ನೋ ಸದ್ದು. ಅದನ್ನು ನೋಡೋಕೆ ನಿಲ್ಲುತ್ತಿದ್ದೆ. ಇದು ಈ ದಿನವೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಇನ್ನೂ ಎರಡು ವಾರ ಬೇರೆ ಬೇರೆ ನಕ್ಷೆ ಬರೀತಾ ಕೂತೆ.

ಮೇ 12ರಿಂದ 24. ಕಾಗದದ ಮೇಲೆ ಸತ್ತ ನಕ್ಷೆಗಳು.

ಹುಬ್ಬಳ್ಳಿ ಸ್ಟೇಷನ್ ಮಾಡೋಣ ಅನ್ನೋದು ಮೊದಲ ಆಸೆ. ನಮ್ಮ ಪ್ಲಾಟ್‌ಫಾರಂ 1,507 ಮೀಟರ್, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದದ್ದು. 87ರಿಂದ ಭಾಗಿಸಿದರೆ 17.3 ಮೀಟರ್. ಅದು ನಮ್ಮ ಮನೆಯಿಂದ ಹೊರಟು ಮೂರನೇ ಮನೆ ಅಂಗಳ ದಾಟುತ್ತದೆ. ಉದ್ದ ಮಾಡೋಕೆ ಮುಂಚಿನ 550 ಮೀಟರ್ ಹಿಡಿದರೂ 6.3 ಮೀಟರ್ ಬೇಕು.

ಎಂಟರ ಆಕಾರದ ಹಳಿ, ನಡುವೆ ಸೇತುವೆ. ಕೆಳಗಿನ ಹಳಿಯಿಂದ ಮೇಲಿನ ಹಳಿಗೆ ಕನಿಷ್ಠ 7 ಸೆಂ.ಮೀ ಎತ್ತರ ಬೇಕು. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯೋ ಘಾಟಿಯ ಏರು 37ಕ್ಕೆ 1, ಅಲ್ಲಿ ಹಿಂದೆ ಬ್ಯಾಂಕರ್ ಎಂಜಿನ್ ಹಾಕಿ ತಳ್ಳಿಸುತ್ತಾರೆ. ಅಷ್ಟೇ ಕಡಿದಾಗಿ ನಾನು ಹಾಕಿದರೂ 7 ಸೆಂ.ಮೀ ಏರೋಕೆ 259 ಸೆಂ.ಮೀ ಹಳಿ ಬೇಕು, ಇಳಿಯೋಕೆ ಮತ್ತೆ ಅಷ್ಟೇ. ಬಿಟ್ಟೆ.

ಅಮೆರಿಕದ ಜಾನ್ ಅಲೆನ್ ಅವರ ಟೈಮ್‌ಸೇವರ್ ಅನ್ನೋ ಶಂಟಿಂಗ್ (ವ್ಯಾಗನ್ ಬಿಚ್ಚಿ ಬೇರೆ ಹಳಿಗೆ ಸರಿಸಿ ಜೋಡಿಸೋ ಕೆಲಸ) ನಕ್ಷೆ ತುಂಬಾ ಹಿಡಿಸಿತ್ತು. ಚಿಕ್ಕ ಹಲಗೆ ಸಾಕು. ಆದರೆ ಐದು ಪಾಯಿಂಟ್, ಅಂದರೆ ಒಂದು ಹಳಿ ಎರಡಾಗಿ ಕವಲೊಡೆಯೋ ತುಂಡು, ಬೇಕು, ಒಂದಕ್ಕೆ ₹1,950. ಅದೂ ಹೋಯಿತು.

ಈ ಎರಡು ವಾರದಲ್ಲಿ ಇನ್ನೊಂದು ತಪ್ಪು ಮಾಡುತ್ತಲೇ ಇದ್ದೆ. ನಕ್ಷೆ ಬರೆಯೋವಾಗ ಪಾಯಿಂಟನ್ನು ಪೆನ್ಸಿಲ್‌ನಲ್ಲಿ ಸುಮ್ನೆ ಒಂದು ಕವಲು ಗೀಟು ಎಳೆದು ತೋರಿಸುತ್ತಿದ್ದೆ. ಕೈಯಲ್ಲಿ ಎಳೆದ ಪಾಯಿಂಟ್ ನಕ್ಷೆಯಲ್ಲಿ ಏಳೆಂಟು ಸೆಂ.ಮೀ ಜಾಗ ತಿನ್ನುತ್ತಿತ್ತು. ನಿಜವಾದ ಪಾಯಿಂಟ್ 16.8 ಸೆಂ.ಮೀ. ಮೂರು ಪಾಯಿಂಟ್ ಇರೋ ನಕ್ಷೆಯಲ್ಲಿ ಅಷ್ಟಕ್ಕೇ 25 ಸೆಂ.ಮೀಗಿಂತ ಹೆಚ್ಚು ಸುಳ್ಳು ಸೇರಿತ್ತು.

ಮೇ 25, ಭಾನುವಾರ. ಪಕ್ಕದ ಮನೆಯವರ ಪ್ರಶ್ನೆ.

ಪಕ್ಕದ ಮನೆ ಹಿರಿಯರು ರೈಲ್ವೆಯಲ್ಲಿ ವ್ಯಾಗನ್ ರಿಪೇರಿ ಕಡೆ ಕೆಲಸ ಮಾಡಿ ನಿವೃತ್ತರಾದವರು. ಚಹಾ ಕುಡಿಯೋಕೆ ಬಂದಾಗ ಟೇಬಲ್ ಮೇಲಿದ್ದ ನಕ್ಷೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಆಮೇಲೆ ಕೇಳಿದರು: "ಇದರಾಗ ಎಂಜಿನ್ ಏನ್ ಕೆಲಸ ಮಾಡ್ತೈತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಓಡ್ತದೆ ಅಂದೆ. "ಓಡೂದು ಕೆಲಸ ಅಲ್ಲ. ಯಾವ ಗಾಡಿ ಎಲ್ಲಿಂದ ತಗೊಂಡು ಎಲ್ಲಿ ಇಡ್ತೈತಿ?"

ನಾನು ನನ್ನ ಕಷ್ಟ ಹೇಳಿದೆ. ಬಿಡಿ ವ್ಯಾಗನ್ ಶಂಟಿಂಗ್ ಮಾಡಬೇಕು ಅಂತ ಆಸೆ, ಆದರೆ ಈಗ ಗೂಡ್ಸ್ ಅಂದರೆ ಇಡೀ ರೇಕೇ (ಜೋಡಿಸಿದ ವ್ಯಾಗನ್‌ಗಳ ಪೂರ್ತಿ ಸಾಲು) ಬರುತ್ತದೆ, ಇಡೀ ರೇಕೇ ಹೋಗುತ್ತದೆ. ಗದಗ ಕಡೆಯಿಂದ ಬರೋ ಬಾಕ್ಸ್‌ಎನ್ ರೇಕ್ 58 ವ್ಯಾಗನ್, ಸ್ಕೇಲ್‌ನಲ್ಲೇ ಏಳು ಮೀಟರ್ ಆಗುತ್ತದೆ. ಒಂದೆರಡು ವ್ಯಾಗನ್ ಬಿಚ್ಚಿ ಇಡೋ ಕೆಲಸ ಎಲ್ಲಿದೆ? ಅವರು ತಕ್ಷಣ ಅಂದರು, "ಸಿಕ್ ಲೈನ್ ಐತಲ್ಲ."

ಸಿಕ್ ಲೈನ್ ಅಂದರೆ ಕೆಟ್ಟ ವ್ಯಾಗನ್ ತಂದು ನಿಲ್ಲಿಸೋ ಹಳಿ. ರೇಕ್ ಪರೀಕ್ಷೆ ಮಾಡುವಾಗ ಯಾವುದರದ್ದೋ ಬೇರಿಂಗ್ ಬಿಸಿ, ಯಾವುದರದ್ದೋ ಬ್ರೇಕ್ ಸಾಮಾನು ಸಡಿಲ ಅಂತ ಕಂಡರೆ ಆ ವ್ಯಾಗನ್ ಬಿಚ್ಚಿ ಇಲ್ಲಿಗೆ ತರುತ್ತಾರೆ. ರಿಪೇರಿ ಆದದ್ದನ್ನು ಹೊರಗೆ ಎಳೆಯುತ್ತಾರೆ. ಬೇಕಾದ ವ್ಯಾಗನ್ ಯಾವಾಗಲೂ ಎರಡು ವ್ಯಾಗನ್ ಹಿಂದೆ ಸಿಕ್ಕಿಕೊಂಡಿರುತ್ತದೆ ಅಂತ ಅವರು ಹೇಳಿದರು. ಬೇರೆ ಬೇರೆ ತರದ ವ್ಯಾಗನ್ ಒಂದೇ ಕಡೆ ನಿಂತಿರೋದೂ ಅಲ್ಲಿ ಸಹಜ. ನನ್ನ ನಾಲ್ಕು ಬಾಕ್ಸ್‌ಎನ್ ಜೊತೆ ಮುಂದೆ ಯಾವುದೇ ವ್ಯಾಗನ್ ಕೊಂಡರೂ ಹೊಂದುತ್ತದೆ. ಅವತ್ತು ರಾತ್ರಿ ಹಿಂದಿನ ಎಲ್ಲ ನಕ್ಷೆ ಕಟ್ಟಿ ಕಪಾಟಿನ ಮೇಲೆ ಇಟ್ಟೆ.

ಮೇ 26. ಇಂಗಲ್‌ನೂಕ್.

ಕೆಲಸ ಗೊತ್ತಾದ ಮೇಲೆ ನಕ್ಷೆ ತಾನೇ ಸಿಕ್ಕಿತು. ಇಂಗ್ಲೆಂಡಿನ ಅಲನ್ ರೈಟ್ ಅವರ ಇಂಗಲ್‌ನೂಕ್ ಸೈಡಿಂಗ್ಸ್. ಎರಡೇ ಪಾಯಿಂಟ್, ಮೂರು ಡೆಡ್ ಎಂಡ್ ಹಳಿ. ಒಂದರಲ್ಲಿ ಐದು ವ್ಯಾಗನ್ ಹಿಡಿಯಬೇಕು, ಉಳಿದೆರಡರಲ್ಲಿ ಮೂರು ಮೂರು. ಆ ಕಡೆ ಶಂಟಿಂಗ್ ನೆಕ್‌ನಲ್ಲಿ, ಅಂದರೆ ಎಂಜಿನ್ ಹಿಂದೆ ಮುಂದೆ ಆಡೋ ಒಂಟಿ ಹಳಿಯಲ್ಲಿ, ಎಂಜಿನ್ ಮತ್ತು ಮೂರು ವ್ಯಾಗನ್. ಒಟ್ಟು ಎಂಟು ವ್ಯಾಗನ್. ಅದರಲ್ಲಿ ಐದನ್ನು ಆರಿಸಿ ಕ್ರಮವಾಗಿ ನಿಲ್ಲಿಸಬೇಕು, 6,720 ತರ ಬರಬಹುದು. ದಿನಕ್ಕೊಂದು ಆಡಿದರೂ 18 ವರ್ಷ ಬೇಕು.

ನನಗೆ ಐದರ ಹಳಿ ಹೊರಡೋ ಸಾಲು. ಮೂರರದ್ದು ಒಂದು ಸಿಕ್ ಲೈನ್, ಇನ್ನೊಂದು ರಿಪೇರಿಗೆ ಕಾಯೋ ಸಾಲು.

ಗೋಡೆಯಲ್ಲಿ ಕಿಟಕಿ ಚೌಕಟ್ಟಿನಿಂದ ಕಪಾಟಿನವರೆಗೆ ಅಳೆದೆ: 162 ಸೆಂ.ಮೀ. ಬಾಕ್ಸ್‌ಎನ್ ನಿಜವಾದ ಉದ್ದ 10.713 ಮೀಟರ್, ಸ್ಕೇಲ್‌ನಲ್ಲಿ 12.3 ಸೆಂ.ಮೀ. ಡಬ್ಲ್ಯೂಡಿಎಂ-2 17.12 ಮೀಟರ್, ಅಂದರೆ 19.7. ನೆಕ್ 56.6, ಎರಡು ಪಾಯಿಂಟ್ 33.6, ಐದು ವ್ಯಾಗನ್ 61.5. ಒಟ್ಟು 151.7. ಹತ್ತು ಸೆಂ.ಮೀ ಉಳಿಯುತ್ತದೆ ಅಂತ ಖುಷಿಯಾಗಿ ಎರಡು ಪಾಯಿಂಟ್, ಮೂರು ಫ್ಲೆಕ್ಸ್ ಹಳಿ (ಬೇಕಾದ ಹಾಗೆ ಬಗ್ಗಿಸೋ ಹಳಿ) ಆರ್ಡರ್ ಮಾಡಿದೆ.

ಜೂನ್ 1, ಭಾನುವಾರ. ಹಲಗೆ.

ಪ್ಲೈಯನ್ನು ಸಾ ಮಿಲ್‌ಗೆ ಒಯ್ದು 40 ಸೆಂ.ಮೀ ಅಗಲದ ಪಟ್ಟಿಗಳಾಗಿ ಕುಯ್ಯಿಸಿದೆ, ₹200. ಒಂದು ಪಟ್ಟಿ 162ಕ್ಕೆ ಕತ್ತರಿಸಿ, ಕೆಳಗೆ ರೀಪರ್ ಚೌಕಟ್ಟು ಹೊಡೆದು, ಗೋಡೆಗೆ ನಾಲ್ಕು ಎಲ್ ಬ್ರಾಕೆಟ್ ಹಾಕಿ ಕೂರಿಸಿದೆ. ನೆಲದಿಂದ 115 ಸೆಂ.ಮೀ, ಕುರ್ಚಿಯಲ್ಲಿ ಕೂತರೆ ಕಣ್ಣಿನ ಎತ್ತರ. ಈ ಎತ್ತರದ ಬಗ್ಗೆ ನನಗೆ ಒಂದು ಕ್ಷಣವೂ ಪಶ್ಚಾತ್ತಾಪ ಆಗಿಲ್ಲ. ಕೆಳಗಿಂದ ನೋಡಿದರೆ ಎಂಜಿನ್ ಎಂಜಿನ್ ತರ ಕಾಣುತ್ತದೆ.

ಇಲ್ಲೊಂದು ಆತುರ ಮಾಡಿದೆ. ಹಳಿ ಎಲ್ಲಿ ಬರುತ್ತದೆ ಅಂತ ನೋಡದೆ ಅಡ್ಡಪಟ್ಟಿ ಹೊಡೆದೆ. ಆಮೇಲೆ ಒಂದು ಅಡ್ಡಪಟ್ಟಿ ಸರಿಯಾಗಿ ಮೊದಲ ಪಾಯಿಂಟ್ ತಿರುಗಿಸೋ ಜಾಗದ ಕೆಳಗೇ ಬಂತು. ಸೈಕಲ್ ಕಡ್ಡಿಯಿಂದ ಹಲಗೆ ಕೆಳಗೆ ಎಳೆದು ಪಾಯಿಂಟ್ ತಿರುಗಿಸೋ ಯೋಚನೆ ಇತ್ತು. ಆ ಪಟ್ಟಿ ಬಿಚ್ಚಿ 6 ಸೆಂ.ಮೀ ಸರಿಸಿ ಮತ್ತೆ ಹೊಡೆಯಬೇಕಾಯಿತು.

ಜೂನ್ 8, ಭಾನುವಾರ. ಚಾರ್ಟ್ ಪೇಪರ್, ರಟ್ಟಿನ ವ್ಯಾಗನ್.

ಪಾಯಿಂಟ್ ಇನ್ನೂ ಬಂದಿರಲಿಲ್ಲ. ಚಾರ್ಟ್ ಪೇಪರ್ ಮೇಲೆ ನಕ್ಷೆಯನ್ನು ನಿಜ ಅಳತೆಯಲ್ಲಿ ಬರೆದು ಹಲಗೆ ಮೇಲೆ ಅಂಟಿಸಿದೆ. ನಾಲ್ಕು ವ್ಯಾಗನ್ ಇದ್ದವು, ಉಳಿದ ನಾಲ್ಕಕ್ಕೆ ಚಪ್ಪಲಿ ಡಬ್ಬಿಯ ರಟ್ಟು ಕತ್ತರಿಸಿ 12.3ಕ್ಕೆ 3.7 ಸೆಂ.ಮೀ ಪೆಟ್ಟಿಗೆ ಮಾಡಿದೆ. ಐದನ್ನು ಸಾಲಾಗಿ ನಿಲ್ಲಿಸಿ ನೋಡುತ್ತೇನೆ, ನಿಜವಾದ ವ್ಯಾಗನ್‌ಗಳು ಗೀಟು ದಾಟುತ್ತಿವೆ. ಅಳೆದರೆ, ಕಪ್ಲಿಂಗ್ ಸೇರಿ ಒಂದು ವ್ಯಾಗನ್‌ಗೆ 12.6 ಸೆಂ.ಮೀ ಬೇಕು. ಐದು ವ್ಯಾಗನ್‌ಗೆ ಒಂದೂವರೆ ಸೆಂ.ಮೀ ವ್ಯತ್ಯಾಸ. ರಟ್ಟಿನವನ್ನೂ ಆ ಅಳತೆಗೆ ಹಿಗ್ಗಿಸಿದೆ. ಎಂಜಿನ್ ಕೂಡ 19.7 ಅಲ್ಲ, 20.

ಸಂಜೆ ಹಿರಿಯರು ಬಂದರು. ಮೂರು ಸೈಡಿಂಗ್ ತುಂಬಿಸಿ ತೋರಿಸಿದೆ. ಅವರು ಒಂದು ರಟ್ಟಿನ ವ್ಯಾಗನ್ ಎತ್ತಿಕೊಂಡು ಪಕ್ಕದ ಹಳಿಯಲ್ಲಿ ನಿಧಾನ ತಳ್ಳಿದರು. ಅದರ ಮೂಲೆ ಪಾಯಿಂಟ್ ಮುಗಿದ ತಕ್ಷಣ ನಿಂತಿದ್ದ ವ್ಯಾಗನ್‌ನ ಪಕ್ಕಕ್ಕೆ ತಾಗಿ ನಿಂತಿತು.

"ಗಾಡಿ ಎಷ್ಟು ಹಿಡೀತಾವ ಅಂತ ಪಾಯಿಂಟಿನಿಂದ ಅಳೀಬ್ಯಾಡ. ಫೌಲಿಂಗ್ ಮಾರ್ಕಿನಿಂದ ಅಳಿ. ಅದರ ಈಚೆ ನಿಂತ ಗಾಡಿ ನಿಂತಂಗಲ್ಲ, ಬಾಜೂ ಬರೋ ಗಾಡಿಗೆ ಹೊಡಿಯಾಕ ನಿಂತಂಗ."

ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ನೋಡಿದರೆ ಎರಡು ಹಳಿ ಸೇರೋ ಕಡೆ ನಡುವೆ ಒಂದು ಬಿಳಿ ಕಲ್ಲು ಕಾಣುತ್ತದೆ, ಮೇಲೆ ಕಪ್ಪು ಬಣ್ಣದಲ್ಲಿ ಎಫ್‌ಎಂ ಅಂತ ಬರೆದಿರುತ್ತದೆ. ನೂರಾರು ಸಲ ನೋಡಿದ್ದೇನೆ, ನನ್ನ ಹಲಗೆಗೂ ಅದು ಬೇಕು ಅಂತ ಹೊಳೆದಿರಲಿಲ್ಲ. ಎಚ್‌ಒದಲ್ಲಿ ಎರಡು ಹಳಿಯ ನಡುಗೆರೆಗಳು ಸುಮಾರು 50 ಮಿ.ಮೀ ದೂರ ಆಗೋವರೆಗೆ ಗಾಡಿ ನಿಲ್ಲಿಸೋ ಹಾಗಿಲ್ಲ. ನನ್ನ ಪಾಯಿಂಟ್‌ನಲ್ಲಿ ಕವಲು ಮುಗಿಯುವಾಗ ದೂರ 33 ಮಿ.ಮೀ ಮಾತ್ರ. ಇನ್ನೂ 5 ಸೆಂ.ಮೀ ಮುಂದೆ ಹೋದರೆ ಸರಿಯಾದ ಜಾಗ ಸಿಗುತ್ತದೆ.

ಎರಡು ತುದಿಯಲ್ಲಿ ಗಾಡಿ ತಡೆಯೋ ಬಫರ್‌ಗಳನ್ನೂ ಮರೆತಿದ್ದೆ, ಒಂದೊಂದು 4 ಸೆಂ.ಮೀ. ಮತ್ತೆ ಕೂಡಿಸಿದೆ: ಬಫರ್ 4, ನೆಕ್ 57.8, ಪಾಯಿಂಟ್ 33.6, ಫೌಲಿಂಗ್ ಮಾರ್ಕ್‌ವರೆಗೆ 5, ಐದು ವ್ಯಾಗನ್ 63, ಬಫರ್ 4. ಒಟ್ಟು 167.4. ಗೋಡೆ 162. ಹತ್ತು ಸೆಂ.ಮೀ ಉಳಿತಾಯ ಅಂದುಕೊಂಡದ್ದು ಐದೂವರೆ ಸೆಂ.ಮೀ ಕೊರತೆ ಆಯಿತು. ಅಷ್ಟರಲ್ಲಿ ಪಾಯಿಂಟ್ ದುಡ್ಡು ಕಟ್ಟಿ ಆಗಿತ್ತು.

ಜೂನ್ 10ರಿಂದ 14. ಐದೂವರೆ ಸೆಂಟಿಮೀಟರ್.

ಚಿಕ್ಕ ಇಂಗಲ್‌ನೂಕ್ ಒಂದಿದೆ: 3-2-2, ಐದೇ ವ್ಯಾಗನ್. ಜಾಗಕ್ಕೆ ಆರಾಮಾಗಿ ಹಿಡಿಯುತ್ತದೆ. ಆದರೆ 60 ತರ ಮಾತ್ರ ಬರುತ್ತದೆ. ಎರಡು ದಿನ ರಟ್ಟಿನ ವ್ಯಾಗನ್‌ಗಳಲ್ಲಿ ಕೈಯಿಂದ ಆಡಿ ನೋಡಿದೆ, ಬೇಗ ಮುಗಿದುಹೋಗುತ್ತದೆ. ಬಫರ್ ತೆಗೆದು ಒಂದೊಂದು ಸೆಂ.ಮೀ ಮರದ ತುಂಡು ಇಟ್ಟರೆ 161.4, ಆರೇ ಮಿಲಿಮೀಟರ್ ಉಳಿಯುತ್ತದೆ. ಅಷ್ಟು ಬಿಗಿಯಲ್ಲಿ ದಿನಾ ಶಂಟಿಂಗ್ ಮಾಡೋಕೆ ಆಗಲ್ಲ. ಕಪಾಟು ಸರಿಸೋ ಮಾತೇ ಇಲ್ಲ, ಅದು ಅಮ್ಮನದು.

ಕೊನೆಗೆ ದಾರಿ ಕಂಡದ್ದು ಕಿಟಕಿಯಲ್ಲಿ. ಶಂಟಿಂಗ್ ನೆಕ್ ಬರೋದು ಕಿಟಕಿ ಕಡೆಗೆ. ಆಡುವಾಗ ಮಾತ್ರ ಕಿಟಕಿ ಮುಂದೆ 30 ಸೆಂ.ಮೀ ಹಲಗೆ ಒಂದನ್ನು ಜೋಡಿಸಿ, ಮುಗಿದ ಮೇಲೆ ತೆಗೆದಿಟ್ಟರೆ ಆಯ್ತಲ್ವಾ? ಮಿಕ್ಕ ಪ್ಲೈ ಇತ್ತು. ಜೋಡಣೆಗೆ ಬಾಗಿಲಿಗೆ ಹಾಕೋ ಹಿತ್ತಾಳೆ ಟವರ್ ಬೋಲ್ಟ್ ಎರಡು, ಒಂದಕ್ಕೆ ₹90. ಬೋಲ್ಟ್ ಕೊಳವೆಗೆ ಹೋದರೆ ಹಲಗೆ ಎರಡೂ ಒಂದೇ ಮಟ್ಟಕ್ಕೆ ನಿಲ್ಲುತ್ತವೆ. ಹಿತ್ತಾಳೆ ಆದ್ದರಿಂದ ಒಂದೊಂದು ಹಳಿಯ ಕರೆಂಟೂ ಅದರಲ್ಲೇ ದಾಟುತ್ತದೆ, ಬೇರೆ ಪ್ಲಗ್ ಬೇಡ.

ಜೂನ್ 22, ಭಾನುವಾರ. ಮೊಳೆ ಹೊಡೆಯದೆ ಹಾಸಿದ್ದು.

ಪಾಯಿಂಟ್ ಬಂದಿದ್ದವು, ಒಂದು ಎಡ, ಒಂದು ಬಲ. ಹಲಗೆ ಅಗಲ ಉಳಿಸೋಣ ಅಂತ ಮೊದಲ ಪಾಯಿಂಟ್‌ನ ತಿರುವಿನ ಕವಲಿಗೇ ಎರಡನೆಯದನ್ನು ಜೋಡಿಸಿದೆ. ನೋಡೋಕೆ ತುಂಬಾ ಚೆಂದ ಬಂತು. ಎಂಜಿನ್ ಎಳೆಯುವಾಗ ಸರಿ ಇತ್ತು. ಮೂರು ವ್ಯಾಗನ್ ಹಿಂದಕ್ಕೆ ತಳ್ಳಿದಾಗ ನಡುವಿನದು ಎದ್ದು ಬಿತ್ತು. ಮತ್ತೆ ತಳ್ಳಿದೆ, ಮತ್ತೆ ಅದೇ ಜಾಗ. ಎಡಕ್ಕೆ ತಿರುಗಿ ಒಂದು ಬೆರಳೂ ನೇರ ಇಲ್ಲದೆ ಬಲಕ್ಕೆ ತಿರುಗಿದರೆ ಒಂದು ವ್ಯಾಗನ್ ತುದಿ ಈ ಕಡೆ, ಇನ್ನೊಂದರ ತುದಿ ಆ ಕಡೆ ಹೋಗಿ ಕಪ್ಲಿಂಗ್ ಪಕ್ಕಕ್ಕೆ ತಳ್ಳುತ್ತದೆ. ಕೆನ್ನೆ ಹಲಗೆಗೆ ತಾಗಿಸಿ ನೋಡಿದಾಗ ಚಕ್ರ ಹಳಿ ಹತ್ತೋದು ಸ್ಪಷ್ಟ ಕಂಡಿತು. ಎರಡನೆಯದನ್ನು ನೇರ ಕವಲಿಗೆ ಬದಲಾಯಿಸಿದೆ. ಹಲಗೆ ಮೇಲೆ 6 ಸೆಂ.ಮೀ ಅಗಲ ಜಾಸ್ತಿ ಹೋಯಿತು, 40 ಸೆಂ.ಮೀ ಇದ್ದದ್ದರಿಂದ ತೊಂದರೆ ಆಗಲಿಲ್ಲ. ಇಪ್ಪತ್ತು ಸಲ ತಳ್ಳಿದೆ, ಬೀಳಲಿಲ್ಲ.

ಮೊಳೆ ಹೊಡೆಯೋಕೆ ಮುಂಚೆ ತಳ್ಳಿ ನೋಡಿ. ಎಳೆದು ನೋಡಿದರೆ ಸಾಲದು. ಶಂಟಿಂಗ್ ಅಂದರೆ ಅರ್ಧ ಕೆಲಸ ತಳ್ಳೋದೇ.

ಜೂನ್ 29, ಜುಲೈ 6. ಹಾಸಿದ್ದು.

ಹಳಿ ಹಾಸೋದು ಸುಲಭವಾಗಿ ಮುಗಿಯಿತು. ಮೂರೂ ಸೈಡಿಂಗ್ ಒಂದೇ ನೆಕ್‌ನಿಂದ ಕವಲೊಡೆಯೋದರಿಂದ ಕರೆಂಟ್ ತಂತಿ ಎರಡೇ ಸಾಕು, ಮೊದಲ ಪಾಯಿಂಟ್‌ಗಿಂತ ಮುಂಚೆ. ಪಾಯಿಂಟ್ ಯಾವ ಕಡೆ ತಿರುಗಿದೆಯೋ ಆ ಹಳಿಗೆ ಕರೆಂಟ್ ಹೋಗುತ್ತದೆ. ಹುಬ್ಬಳ್ಳಿ ಧೂಳು ಪಾಯಿಂಟ್ ನಾಲಿಗೆಯಲ್ಲಿ ಕೂತರೆ ಎಂಜಿನ್ ನಿಂತುಬಿಡುತ್ತದೆ, ಹಾಗಾಗಿ ಪ್ರತಿ ಸಲ ಹತ್ತಿ ಬಟ್ಟೆಯಿಂದ ಒರೆಸುತ್ತೇನೆ. ಕಪ್ಲಿಂಗ್ ಬಿಚ್ಚೋಕೆ ಊದಿನಕಡ್ಡಿಯ ಬಿದಿರು ತುದಿಯನ್ನು ಚೂಪು ಮಾಡಿ ನಡುವೆ ಹಾಕಿ ತಿರುಗಿಸುತ್ತೇನೆ. ಎರಡು ವ್ಯಾಗನ್ ನಡುವೆ ಬಗ್ಗಿ ಅದನ್ನು ಮಾಡುವಾಗ ನಾನು ನೋಡ್ತಾ ನಿಂತಿದ್ದ ಆ ಕಪ್ಲಿಂಗ್ ಹಾಕೋ ಮನುಷ್ಯನ ನೆನಪು ಬರುತ್ತದೆ.

ಫೌಲಿಂಗ್ ಮಾರ್ಕ್ ಕಲ್ಲು ಎರಡು ಮಾಡಿದೆ. ಬೆಂಕಿಕಡ್ಡಿ ತುಂಡು, ಬಿಳಿ ಬಣ್ಣ. ಎಫ್‌ಎಂ ಅಂತ ಬರೆಯೋಕೆ ಆಗಲಿಲ್ಲ, ಎರಡು ಕಪ್ಪು ಚುಕ್ಕೆ ಇಟ್ಟೆ. ಹಿರಿಯರು ಬಂದು ಮೊದಲು ನೋಡಿದ್ದು ಅದನ್ನೇ.

ಖರ್ಚು.

ಪ್ಲೈ 1,950, ಕುಯ್ಯಿಸಿದ್ದು 200, ರೀಪರ್ 340, ಬ್ರಾಕೆಟ್ 180, ಟವರ್ ಬೋಲ್ಟ್ 180, ಪಾಯಿಂಟ್ ಎರಡಕ್ಕೆ 3,900, ಫ್ಲೆಕ್ಸ್ ಹಳಿ ಮೂರಕ್ಕೆ 2,340, ಚಾರ್ಟ್ ಪೇಪರ್ ಮತ್ತು ಅಂಟು 80. ಒಟ್ಟು ₹9,170. ಚಾರ್ಟ್ ಪೇಪರ್ ಮೊದಲ ದಿನವೇ ತಂದಿದ್ದರೆ ಪ್ಲೈ ಅರ್ಧ ಹಾಳೆ ಸಾಕಿತ್ತು.

ಈಗ ಎಲ್ಲಿದೆ.

ಕಿಟಕಿ ಹಲಗೆ ಜೋಡಣೆಯಲ್ಲಿ ಇನ್ನೂ ಒಂದು ತೊಂದರೆ ಇದೆ. ಮಳೆ ಹಿಡಿದ ದಿನ ಪ್ಲೈ ಉಬ್ಬಿ ಹಳಿ ತುದಿಗಳ ಮಟ್ಟದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ಎಂಜಿನ್ ದಾಟುತ್ತದೆ, ಖಾಲಿ ವ್ಯಾಗನ್ ಕುಣಿಯುತ್ತದೆ. ಎರಡೂ ಹಲಗೆಯ ಅಂಚಿಗೆ ಹಿತ್ತಾಳೆ ಸ್ಕ್ರೂ ಹಾಕಿ, ಹಳಿಯನ್ನು ಅದರ ತಲೆಗೆ ಬೆಸುಗೆ ಹಾಕಿದರೆ ಅಲುಗಾಡಲ್ಲ ಅಂತ ಓದಿದ್ದೇನೆ. ಪ್ಲೈ ಅಂಚಿಗೆ ವಾರ್ನಿಷ್ ಹೊಡೆಯೋದು ಬಾಕಿ. ಮುಂದಿನ ಭಾನುವಾರ ಅದೇ ಕೆಲಸ. ರಟ್ಟಿನ ವ್ಯಾಗನ್ ನಾಲ್ಕಕ್ಕೂ ಚಕ್ರ ಬಂದಿದೆ, ಆದರೆ ಅವು ಹಗುರ. ನಿನ್ನೆ ಒಂದೊಂದರ ಒಳಗೆ ಎರಡೆರಡು ನಾಣ್ಯ ಅಂಟಿಸಿದ ಮೇಲೆ ನೆಟ್ಟಗೆ ನಿಂತವು.